ಬರ್ಫಿನಾಗ ಇಟ್ಟ ಬೆಳಕು

ಸೆಪ್ಟೆಂಬರ್ 2, ಮಂಗಳವಾರ

ಇವತ್ತು ಒಂದು ಸುಳ್ಳು ಹೇಳಿದೆ. ಪೂರ್ತಿ ಸುಳ್ಳಲ್ಲ. ಬರೆದು ನೋಡಿದರೆ ಎಷ್ಟು ಪರ್ಸೆಂಟ್ ಸುಳ್ಳು ಅಂತ ನನಗೇ ಗೊತ್ತಾಗಬಹುದು.

ಕಾಲೇಜಿನ ಹಿಂದೆ ಬೇವಿನ ಗಿಡದ ಕೆಳಗೆ ನಾವು ನಾಲ್ವರು ಊಟಕ್ಕೆ ಕೂಡುತ್ತೇವೆ. ಡಬ್ಬಿ ಬಿಚ್ಚಿ ನಡುವೆ ಇಟ್ಟರೆ ಯಾರದು ಯಾರು ಬೇಕಾದರೂ ತಿನ್ನಬಹುದು. ಇವತ್ತು ಮನೆಯ ಮಾತು ಬಂತು. ಐಶ್ವರ್ಯಳ ತಂದೆ ಶಿವಶರಣಪ್ಪನವರದು ಸಿಂಧನೂರು ಗಂಜಿನಲ್ಲಿ ಮೆಣಸಿನಕಾಯಿ ವ್ಯಾಪಾರ. ಶೈಲಜಾ ಜವಳಗೇರಾದವಳು, ಅವರದು ಕಾಲುವೆ ನೀರಿನ ಗದ್ದೆ. ಕ್ಲಾಸಿನಲ್ಲಿ ನನ್ನ ಬಾಜು ಕೂಡುವ ಮುಬೀನಾಳ ತಂದೆ ಇಸ್ಮಾಯಿಲ್‌ಸಾಬ್ ಟೇಲರ್. ಅವಳು ಹಾಗೇ ಹೇಳಿದಳು, ಟೇಲರ್ ಅಂತ, ರೊಟ್ಟಿ ಮುರಿಯುತ್ತಾ.

"ನಿಮ್ಮವ್ವ ಏನ್ ಮಾಡ್ತಾರ ಬೇ, ಸುಕನ್ಯಾ?" ಅಂತ ಶೈಲಜಾ ಕೇಳಿದಳು.

"ಕೋಲ್ಡ್ ಸ್ಟೋರೇಜ್," ಅಂದೆ. ಸುಮ್ಮನಿರಬೇಕಿತ್ತು. ಅದರ ಮೇಲೆ "ಸ್ಮಾಲ್ ಸ್ಕೇಲ್" ಅಂತಾನೂ ಸೇರಿಸಿದೆ.

ಕೋಲ್ಡ್ ಅದ. ಸ್ಟೋರೇಜ್ ಅದ. ಥರ್ಮಾಕೋಲ್ ಅಂತ ಹೇಳಲಿಲ್ಲ, ಅಷ್ಟೆ. ಅಪ್ಪ ಬೆಳಿಗ್ಗೆ ಮುಕ್ಕುಂದದ ಕಡೆಯಿಂದ ಸ್ಟಾಕ್ ತರುತ್ತಾನೆ. ಅವ್ವ ಅದನ್ನು ಐಸ್ ತುಂಬಿದ ಡಬ್ಬಿಯಲ್ಲಿಟ್ಟು ಮಸ್ಕಿ ಬಸ್ ಸ್ಟ್ಯಾಂಡ್ ಹಿಂದೆ ಮಾರುತ್ತಾಳೆ. ಬಿಸಿನೆಸ್ ಅಂದರೂ ತಪ್ಪಲ್ಲ.

ಅವರೆಲ್ಲ ತಲೆ ಆಡಿಸಿದರು. ಐಶ್ವರ್ಯ ನನ್ನ ರೊಟ್ಟಿಯಲ್ಲಿ ಅರ್ಧ ಮುರಿದುಕೊಂಡು "ಎಷ್ಟು ತೆಳ್ಳಗ ಬಡಿತಾರ ಲೇ ನಿಮ್ಮವ್ವ" ಅಂದಳು. ನನಗೆ ಖುಷಿ ಆಗಬೇಕಿತ್ತು. ಅವಳು ರೊಟ್ಟಿಯನ್ನು ಮೂಗಿನ ಹತ್ತಿರ ಒಯ್ಯುತ್ತಾಳೇನೋ ಅಂತಲೇ ನೋಡುತ್ತಿದ್ದೆ.

ಸೆಪ್ಟೆಂಬರ್ 5, ಶುಕ್ರವಾರ

ಲಿಂಗಸುಗೂರಿನ ಹಾಸ್ಟೆಲಿನಲ್ಲಿ ವಾರ್ಡನ್ ಮೇಡಂ ನಮ್ಮಿಂದ ದಿನಾ ಡೈರಿ ಬರೆಸುತ್ತಿದ್ದರು. ಇಂಗ್ಲಿಷಿನಲ್ಲಿ. "ಟುಡೇ ಐ ಗಾಟ್ ಅಪ್ ಅರ್ಲಿ" ಅಂತ ಶುರುವಾಗಿ "ಐ ವಿಲ್ ಇಂಪ್ರೂವ್" ಅಂತ ಮುಗಿಯುತ್ತಿತ್ತು. ಈಗ ತಿದ್ದುವವರು ಯಾರೂ ಇಲ್ಲ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೂ ಕೊನೆಗೆ ಇಂಪ್ರೂವ್ ಅನ್ನುವ ಮಾತು ಬಂದುಬಿಡುತ್ತದೆ ಕೈಗೆ.

ಮೂರನೇ ಕ್ಲಾಸಿನಿಂದ ಪಿಯುಸಿ ತನಕ ಹಾಸ್ಟೆಲಿನಲ್ಲೇ ಬೆಳೆದೆ. ರಜೆಗೆ ಬಂದಾಗ ಮನೆಯ ವಾಸನೆ ರಜೆಯ ವಾಸನೆ ಆಗಿತ್ತು, ಚೆನ್ನಾಗಿತ್ತು. ಈಗ ದಿನಾ ಮಸ್ಕಿಯಿಂದ ಬಸ್ ಹತ್ತಿ ಸಿಂಧನೂರಿಗೆ ಹೋಗುವಾಗ ಅದು ನನ್ನ ಜೊತೆ ಬಸ್ ಹತ್ತುತ್ತದೆ. ಬಾಡಿ ಸ್ಪ್ರೇ ಹೊಡೆದರೆ ಎರಡೂ ಕೂಡಿ ಮೂರನೆಯದೊಂದು ಆಗುತ್ತದೆ. ಅದಕ್ಕೇ ಕಾಲೇಜಿನ ಬಟ್ಟೆಗಳನ್ನು ಬಾಜು ಮನೆಯ ಪಕೀರಮ್ಮನ ಮಾಳಿಗೆಯ ಮೇಲೆ ಒಣಗಿಸುತ್ತಿದ್ದೇನೆ.

ಅವ್ವ ಇವತ್ತು ಕೇಳಿಯೇಬಿಟ್ಟಳು. "ನಮ್ಮ ಹಗ್ಗ ಏನ್ ಮಾಡೇದ ನಿನಗ?"

"ಅಲ್ಲಿ ಬಿಸಿಲು ಚಲೋ ಬೀಳ್ತದವ್ವ."

"ಹೌದೌದು. ಪಕೀರವ್ವಗ ಸೂರ್ಯ ಬ್ಯಾರೆ ಕಳಸ್ಯಾರ."

ನಕ್ಕುಕೊಂಡೇ ಹೇಳಿದಳು. ಹುಣಸೆಹಣ್ಣು ಹಚ್ಚಿ ಕೈ ತಿಕ್ಕುತ್ತಿದ್ದಳು. ನಾನು ಬಂದಾಗಿಂದ ಅವಳು ಕೈ ತಿಕ್ಕುವುದು ಜಾಸ್ತಿ ಆಗಿದೆ ಅಂತ ಅನಿಸುತ್ತದೆ. ಮೊದಲೂ ಇಷ್ಟೇ ತಿಕ್ಕುತ್ತಿದ್ದಳೋ ಏನೋ. ನಾನು ಇಲ್ಲಿರಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಶನಿವಾರ ಫ್ರೆಶರ್ಸ್ ಡೇ. ನಮ್ಮ ಕ್ಲಾಸಿನದು ಡ್ಯಾನ್ಸು. ಹಾಲಿನ ಕಿಟಕಿಗೆಲ್ಲ ಚಾದರ ಕಟ್ಟಿ ಕತ್ತಲೆ ಮಾಡಿ, ಕೈಯಲ್ಲಿ ಗ್ಲೋ ಸ್ಟಿಕ್ ಹಿಡಿದು ಕುಣಿಯಬೇಕು ಅನ್ನುವುದು ಐಶ್ವರ್ಯಳ ಐಡಿಯಾ. ಆನ್‌ಲೈನಿನಲ್ಲಿ ಅವಳೇ ತರಿಸಿದ್ದಳು. ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ಕಡ್ಡಿ. ಬಗ್ಗಿಸಿದರೆ ಒಳಗಿನ ಗಾಜಿನ ಕೊಳವೆ ಒಡೆದು, ಎರಡು ದ್ರವ ಕೂಡಿ ಬೆಳಕು ಬರುತ್ತದೆ. ಒಮ್ಮೆ ಒಡೆದರೆ ಮುಗಿಯಿತು. ರಾತ್ರಿಯಾಗುವಷ್ಟರಲ್ಲಿ ಸಪ್ಪಗಾಗುತ್ತದೆ.

ಇವತ್ತು ರಿಹರ್ಸಲ್ಲು. ನಾವು ಹಾಲಿಗೆ ಹೋಗುವಷ್ಟರಲ್ಲಿ ಶೈಲಜಾ ಅಷ್ಟನ್ನೂ ಒಡೆದು ಕೂತಿದ್ದಳು. ಮಡಿಲ ತುಂಬ ಹಸಿರು, ಗುಲಾಬಿ, ನೀಲಿ.

"ಏನ್ ಮಾಡ್ದಿ ಲೇ ಇದು?" ಐಶ್ವರ್ಯ ಅಲ್ಲೇ ಕೂತುಬಿಟ್ಟಳು.

"ಪಾಕೀಟಿನ ಮ್ಯಾಲ ಬರೆದದಲ್ಲ, ಬೆಂಡ್, ಸ್ನ್ಯಾಪ್, ಶೇಕ್ ಅಂತ. ಬಗ್ಗಿಸಿದೆ, ಸ್ನ್ಯಾಪ್ ತಗೊಂಡೆ, ಅಲ್ಲಾಡಿಸಿದೆ." ಫೋನ್ ತೋರಿಸಿದಳು. ಫೋಟೋ ಚೆನ್ನಾಗಿಯೇ ಬಂದಿತ್ತು.

ಯಾರಿಗೂ ನಗಲಾಗಲಿಲ್ಲ. ಹೊಸದು ತರಿಸಿದರೆ ಮುಂದಿನ ವಾರ ಬರುತ್ತದೆ. ಐಶ್ವರ್ಯಳ ಕಣ್ಣಲ್ಲಿ ನೀರು ಬಂತು. ಆಗ ನಾನು ಎದ್ದು ನಿಂತೆ. ಹಾಸ್ಟೆಲ್ ಹುಡುಗಿ ಎದ್ದು ನಿಂತೇ ಉತ್ತರ ಹೇಳೋದು.

"ಟೆಂಪರೇಚರ್ ಕಡಿಮೆ ಮಾಡಿದ್ರ ರಿಯಾಕ್ಷನ್ ಸ್ಲೋ ಆಗ್ತದ," ಅಂದೆ. "ಈಗಿಂದೀಗ ಐಸಿನಾಗ ಇಟ್ರ ಬೆಳಕು ಸಣ್ಣಗಾಗಿ ಹಂಗೇ ಉಳಿತದ. ಐಸಿಗೆ ಉಪ್ಪು ಹಾಕಿದ್ರ ಇನ್ನೂ ಥಂಡಿ ಆಗ್ತದ. ಶನಿವಾರ ಹೊರಗ ತೆಗೆದು ಕೈಯಾಗ ಬಿಸಿ ಮಾಡಿದ್ರ ಮತ್ತ ಏಳ್ತದ."

ಎಲ್ಲರೂ ನನ್ನನ್ನೇ ನೋಡಿದರು. ಮೊದಲ ಸಲ. ಆ ಒಂದು ನಿಮಿಷ ಬಹಳ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಐಶ್ವರ್ಯ ಕಣ್ಣೊರೆಸಿಕೊಂಡು "ಅಯ್ಯ, ನಿಮ್ಮದು ಕೋಲ್ಡ್ ಸ್ಟೋರೇಜೇ ಅದಲ್ಲ" ಅಂದಳು. ಇಡೀ ಮಡಿಲು ನನ್ನ ಚೀಲಕ್ಕೆ ಬಂತು.

ಜ್ಯೂಸ್ ಅಂಗಡಿಯಲ್ಲಿ ಐಸ್ ಹಾಕಿಸಿಕೊಂಡು ಬಸ್ ಹತ್ತಿದೆ. ಚೀಲದಿಂದ ನೀರು ತೊಟ್ಟಿಕ್ಕಿ ಬಾಜು ಕೂತ ಅಜ್ಜನ ಧೋತರ ತೋಯಿತು. ಸಾರಿ ಅಂದೆ. "ಒಳಗ ಏನದ ಮಗಳ, ಹಾಂ?" ಅಂದ. ಸೈನ್ಸ್ ಅಂದೆ.

ಸೆಪ್ಟೆಂಬರ್ 11, ಗುರುವಾರ

ಅವ್ವ ಒಂದು ಮಾತು ಬೇಡ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಕಷ್ಟ.

ನಿನ್ನೆ ಸಂಜೆ ಅವಳಿಗೆ ಒಂದು ಕಡ್ಡಿ ಕೈಗೆ ಕೊಟ್ಟಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದಳು. "ಇದರಾಗ ಏನು ಸುಡ್ತದ?"

"ಏನೂ ಸುಡಂಗಿಲ್ಲವ್ವ. ಕೆಮಿಕಲ್ ರಿಯಾಕ್ಷನ್."

"ಮೀನ ಬರ್ಫಿನಾಗ ಇಟ್ರ ಕೆಡಂಗಿಲ್ಲ. ಬೆಳಕೂ ಹಂಗ ಏನು?"

"ಸೇಮ್ ಪ್ರಿನ್ಸಿಪಲ್."

"ಸೇಮ್ ಅಂತ," ಅಂತ ಅಪ್ಪನಿಗೆ ಹೇಳಿ ನಕ್ಕಳು. ದೊಡ್ಡ ಡಬ್ಬಿಯ ಒಂದು ಬದಿ ಖಾಲಿ ಮಾಡಿ ಕೊಟ್ಟಳು. "ಎರಡು ಕವರ್ ಹಾಕಿ ಬಾಯಿ ಬಿಗಿ ಕಟ್ಟು. ಬರ್ಫ್ ಕರಗಿದ ನೀರು ಒಳಗ ಹೋಗ್ತದ" ಅಂದಳು. "ಗೊತ್ತದ ಬಿಡವ್ವ" ಅಂದೆ. ಬಂದ ಪಾಕೀಟು ಇತ್ತಲ್ಲ, ಅದರಲ್ಲೇ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದೆ. ಡಬ್ಬಿಯ ಮುಂದೆ ಜಾಸ್ತಿ ಹೊತ್ತು ಬಗ್ಗಿ ನಿಲ್ಲುವುದು ಬೇಡವಾಗಿತ್ತು. ಕೂದಲಿಗೆ ಹತ್ತುತ್ತದೆ.

ಇವತ್ತು ಬಸ್ ಸ್ಟ್ಯಾಂಡಿನಲ್ಲಿ ಅವಳ ಮುಂದೆಯೇ ಇಳಿದು ಬೇರೆ ದಾರಿಯಿಂದ ಮನೆಗೆ ಬಂದೆ. ಇದು ಹೊಸದೇನಲ್ಲ. ಅವಳ ಸ್ಟಾಕಿಗೆ ಐಸ್ ಕಡಿಮೆ ಬಿದ್ದು ಮಧ್ಯಾಹ್ನಕ್ಕೇ ಮೆತ್ತಗಾದವಂತೆ. ಉಳಿದದ್ದನ್ನು ಸಾರು ಮಾಡಿದ್ದಳು. ನಾನು ಮೊಸರು ಅನ್ನ ಉಂಡೆ.

ಕಡ್ಡಿಗಳು ಚೆನ್ನಾಗಿವೆ. ಮುಚ್ಚಳ ತೆಗೆದರೆ ಐಸಿನ ಒಳಗಿಂದ ಮಂಕಾಗಿ ಹೊಳೆಯುತ್ತವೆ. ನಾನು ಹೇಳಿದ್ದು ಕರೆಕ್ಟ್.

ಸೆಪ್ಟೆಂಬರ್ 13, ಶನಿವಾರ

ಪೂರ್ತಿ ಬರೆಯಬೇಕು. ಬಿಟ್ಟರೆ ನಾಳೆ ನನಗೇ ಬೇರೆ ತರ ನೆನಪಾಗುತ್ತದೆ.

ಬೆಳಿಗ್ಗೆ ತೆಗೆದಾಗ ಪಾಕೀಟಿನೊಳಗೆ ನೀರು ಹೋಗಿತ್ತು. ಶಾಂಪೂ ಹಾಕಿ ತೊಳೆದೆ. ಮೂಸಿ ನೋಡಿದೆ. ಏನೂ ಇರಲಿಲ್ಲ. ಐಸಿನ ಜೊತೆಯೇ ಚೀಲಕ್ಕೆ ಹಾಕಿ ಒಯ್ದೆ.

ಹಾಲಿನಲ್ಲಿ ದೀಪ ಆರಿಸಿದರು. ಹಾಡು ಶುರುವಾಯಿತು. ಮೊದಲು ಕಡ್ಡಿಗಳು ಕಾಣಲೇ ಇಲ್ಲ. ಹಿಂದಿನಿಂದ ಯಾರೋ ಊಳಿಟ್ಟರು. ನಾನು "ಬಿಗಿಯಾಗಿ ಹಿಡೀರಿ, ಕೈ ಬಿಸಿ ತಗಲ್ಲಿ" ಅಂದೆ. ಆಮೇಲೆ ಒಂದೊಂದೇ ಎದ್ದವು. ಮುಷ್ಟಿಯ ಒಳಗಿಂದ ಹಸಿರು, ಬೆರಳ ಸಂದಿನಿಂದ ಗುಲಾಬಿ. ಇಡೀ ಹಾಲು ಓ ಅಂದಿತು. ಪ್ರಿನ್ಸಿಪಾಲರೂ ಚಪ್ಪಾಳೆ ಹೊಡೆದರಂತೆ. ಕತ್ತಲಲ್ಲಿ ಐಶ್ವರ್ಯ ನನ್ನ ಭುಜ ಒತ್ತಿದಳು.

ಬೆಳಕು ಎದ್ದ ಹಾಗೆಯೇ ಅದೂ ಎದ್ದಿತು. ತಣ್ಣಗಿದ್ದಾಗ ವಾಸನೆಯೂ ಸ್ಲೋ ಇರುತ್ತದೆ, ಬಿಸಿಗೆ ಬಂದರೆ ಏಳುತ್ತದೆ. ನಾನೇ ಎದ್ದು ನಿಂತು ಹೇಳಿದ ರೂಲು. ಕೈ ಬೀಸಿದಾಗೆಲ್ಲ ಹಾಲಿನ ತುಂಬ ಹರಡಿತು. ಚನ್ನವೀರ ಅನ್ನುವವನು ಮುಂದಿನ ಸಾಲಿನಿಂದ ಕೂಗಿದ. "ಯಾರಲೇ ಮೀನ ಬಿಟ್ಟಾರ ಸ್ಟೇಜಿನ ಮ್ಯಾಲ?" ಹುಡುಗರೆಲ್ಲ ರೇಟು ಕೇಳಲು ಶುರುಮಾಡಿದರು. ಕಟ್ಲಾ ಹ್ಯಾಂಗ, ರೋಹು ಹ್ಯಾಂಗ. ಅವ್ವನನ್ನು ಕೇಳುವ ಧಾಟಿಯಲ್ಲೇ.

ಸ್ಟೇಜಿನ ಹಿಂದೆ ಐಶ್ವರ್ಯ ಕೈ ಮೂಸಿಕೊಂಡು ಕಡ್ಡಿಯನ್ನು ಬಕೆಟ್ಟಿಗೆ ಎಸೆದಳು. "ಏನ್ ಸ್ಟೋರ್ ಮಾಡ್ತಾರ ಲೇ ನಿಮ್ಮ ಕೋಲ್ಡ್ ಸ್ಟೋರೇಜಿನಾಗ?"

"ನಮ್ಮದು ರಿಪೇರಿಗೆ ಬಂದಿತ್ತು," ಅಂದೆ. "ಮುಬೀನಾನ ಮನ್ಯಾಗ ಇಟ್ಟಿದ್ದೆ. ಅವರ ಫ್ರಿಜ್ಜಿನಾಗ."

ಯೋಚನೆ ಮಾಡಿ ಹೇಳಿದ್ದಲ್ಲ ಅಂತ ಬರೆಯಲು ಹೊರಟಿದ್ದೆ. ಆದರೆ ಅಲ್ಲಿ ಅಷ್ಟು ಜನ ಇದ್ದರು. ಶೈಲಜಾಳ ಹೆಸರು ಬಾಯಿಗೆ ಬರಲಿಲ್ಲ. ಯಾವ ಹೆಸರು ಹೇಳಿದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲವೋ ಅದೇ ಬಂತು.

ಮುಬೀನಾ ಕನ್ನಡಿಯ ಮುಂದೆ ಪಿನ್ ತೆಗೆಯುತ್ತಿದ್ದಳು. ಎಲ್ಲರೂ ತಿರುಗಿದರು. ಅವಳು ಕನ್ನಡಿಯಲ್ಲೇ ನನ್ನ ಮುಖ ನೋಡಿದಳು. ಬಾಯಲ್ಲಿದ್ದ ಪಿನ್ ತೆಗೆದು "ಹೂಂ, ನಮ್ಮ ಮನ್ಯಾಗ ಇದ್ವು" ಅಂದಳು.

"ಅದಕ್ಕ," ಅಂದಳು ಐಶ್ವರ್ಯ. ಅಷ್ಟೇ.

ಸೆಪ್ಟೆಂಬರ್ 14, ಭಾನುವಾರ

ಅವ್ವ ಕೇಳಿದಳು, ಕಡ್ಡಿ ಹತ್ತಿದವಾ ಅಂತ. ಹತ್ತಿದವು ಅಂದೆ.

ಬೆಳಿಗ್ಗೆಯಿಂದ ಕೊಳ್ಳಲು ಬಂದವರಿಗೆಲ್ಲ ಹೇಳಿದಳಂತೆ, ನನ್ನ ಮಗಳು ಬರ್ಫಿನಾಗ ಬೆಳಕು ಉಳಿಸ್ಯಾಳ ಅಂತ.

ಸೆಪ್ಟೆಂಬರ್ 16, ಮಂಗಳವಾರ

ನಿನ್ನೆ ಊಟಕ್ಕೆ ಕೂತಾಗ ಮುಬೀನಾ ದಿನದ ಹಾಗೆ ಡಬ್ಬಿ ನಡುವೆ ಇಟ್ಟಳು. ಪುಂಡಿಪಲ್ಯ. ಇಷ್ಟು ದಿನ ಅದಕ್ಕೆ ಮೊದಲು ಕೈ ಹಾಕುತ್ತಿದ್ದವಳು ಐಶ್ವರ್ಯ. ನಮ್ಮ ಗುಂಪಿಗೆ ತರುವ ಪಲ್ಯವನ್ನು ಅವಳ ದಾದಿ, ಅಂದರೆ ಅಜ್ಜಿ, ಬೇರೆ ಗಡಿಗೆಯಲ್ಲೇ ಮಾಡುತ್ತಾರೆ ಅಂತ ಮುಬೀನಾ ಮೊದಲ ವಾರವೇ ಹೇಳಿದ್ದಳು. ಯಾರೂ ಕೇಳದೆ ತಾನೇ ಹೇಳಿದ್ದಳು.

"ಇವತ್ತು ಸೋಮವಾರ ನೋಡು. ನಾ ಹೊರಗಿಂದು ತಿನ್ನಂಗಿಲ್ಲ," ಅಂದಳು ಐಶ್ವರ್ಯ. ಆಮೇಲೆ ಶೈಲಜಾಳ ಅವಲಕ್ಕಿ ತಿಂದಳು. ನನ್ನ ರೊಟ್ಟಿಯನ್ನೂ ತಿಂದಳು.

ಶೈಲಜಾ ಒಂದು ಸಲ ಪಲ್ಯದ ಕಡೆ ಕೈ ಚಾಚಿ, ಐಶ್ವರ್ಯಳ ಕಡೆ ನೋಡಿ, ನೀರಿನ ಬಾಟಲಿ ತೆಗೆದುಕೊಂಡಳು.

ನಾನು ತಿನ್ನಬಹುದಿತ್ತು. ತಿಂದಿದ್ದರೆ ಏನೂ ಹೇಳದೆಯೇ ಒಂದು ಮಾತು ಹೇಳಿದ ಹಾಗಾಗುತ್ತಿತ್ತು. ನನ್ನ ಕೈ ನನ್ನ ಡಬ್ಬಿಯಲ್ಲೇ ಇತ್ತು.

ಇವತ್ತು ಮಂಗಳವಾರ. ಮುಬೀನಾ ಗಿಡದ ಕಡೆ ಬರಲಿಲ್ಲ. ಲೈಬ್ರರಿ ಮೆಟ್ಟಿಲ ಮೇಲೆ ಕೂತು ಒಬ್ಬಳೇ ಉಂಡಳು. ಕ್ಲಾಸಿನಲ್ಲಿ ಮಾತ್ರ ನನ್ನ ಬಾಜುವೇ ಕೂತಳು. ಕೆಮಿಸ್ಟ್ರಿಯ ಗುರುಬಸವ ಸರ್ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಗ್ಲೋ ಸ್ಟಿಕ್ಕಿನ ಸಂಗತಿ ಎಲ್ಲರಿಗೂ ವಿವರಿಸು ಅಂದರು. ವಿವರಿಸಿದೆ. ರೇಟ್ ಆಫ್ ರಿಯಾಕ್ಷನ್. ಹಿಂದಿನ ಬೆಂಚಿನಿಂದ ಯಾರೋ ಮೂಗು ಎಳೆದ ಸದ್ದು ಮಾಡಿದರು. ಅದು ನನಗಲ್ಲ, ಅವಳಿಗೆ. ಮುಬೀನಾ ಪುಸ್ತಕದ ಹಾಳೆ ತಿರುಗಿಸಿದಳು.

ಐಶ್ವರ್ಯ ಕೆಟ್ಟವಳಲ್ಲ. ಹೋದ ತಿಂಗಳು ನನಗೆ ಜ್ವರ ಬಂದಾಗ ರೆಕಾರ್ಡ್ ಬರೆದುಕೊಟ್ಟಿದ್ದಾಳೆ. ಹೀಗೆ ಬರೆದರೆ ನನಗೆ ಏನೋ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಸೆಪ್ಟೆಂಬರ್ 18, ಗುರುವಾರ

ಕಾಲೇಜು ಮುಗಿಸಿ ಮುಬೀನಾಳ ಮನೆಗೆ ಹೋಗಿದ್ದೆ. ಬಸ್ಸಿನಲ್ಲಿ ಹೋಗುವಾಗಲೇ ಸಾರಿಯನ್ನು ಸೆಂಟೆನ್ಸ್ ಮಾಡಿ ಇಟ್ಟುಕೊಂಡಿದ್ದೆ.

ಅವಳು ಅಂಗಡಿಗೆ ಹೋಗಿದ್ದಳು. ಅವಳ ದಾದಿ ಖಾತೂನ್‌ಬೀ ಹೊಸ್ತಿಲಲ್ಲಿ ಕೂತು ಪುಂಡಿ ಸೊಪ್ಪು ಬಿಡಿಸುತ್ತಿದ್ದರು. "ಬಾ ಬೇಟಿ, ಸುಕನ್ಯಾ ಅಲ್ಲೇನು? ಬಿಸಿಲಾಗ ಬಂದಿ. ಥಂಡಾ ನೀರು ಕುಡಿ." ಮೂಲೆಯ ಮಣ್ಣಿನ ಹರವಿಯಿಂದ ಬಗ್ಗಿಸಿ ಕೊಟ್ಟರು. ನಾನು ಕುಡಿಯುತ್ತಾ ಮನೆಯೆಲ್ಲ ನೋಡಿದೆ. ಒಂದು ಹೊಲಿಗೆ ಮಷೀನು, ಮಂಚ, ಬಟ್ಟೆಯ ಗಂಟು, ಒಲೆ. ಅಡಿಗೆಮನೆ ಬೇರೆ ಇರಲಿಲ್ಲ.

"ದಾದಿ, ಫ್ರಿಜ್ ಎಲ್ಲದ?" ಕೇಳಬಾರದಿತ್ತು. ಬಂದುಬಿಟ್ಟಿತು.

"ಫ್ರಿಜ್ಜಾ?" ಅವರಿಗೆ ನಗು ಬಂತು. "ಯಾಕ ಬೇಟಿ, ನೀರು ಥಂಡಾ ಆಗಿಲ್ಲೇನು?"

ಚೆನ್ನಾಗಿದೆ ಅಂದೆ. ಅವರು ಸೊಪ್ಪು ಬಿಡಿಸುತ್ತಾ ಮಾತಾಡುತ್ತಲೇ ಹೋದರು. ಊಟ ಮಾಡಿಕೊಂಡೇ ಹೋಗು ಅಂದರು. "ಅಂಜಬ್ಯಾಡ, ಪಲ್ಯ ಮಾಡ್ತೀನಿ. ಮೀನ ಅಂತೂ ನಮ್ಮ ಮನಿಗೆ ಬರಂಗೇ ಇಲ್ಲ. ಮುಬೀನಾಗ ಸಣ್ಣಾಕಿ ಇದ್ದಾಗಿಂದ ಅದರ ವಾಸನಿ ಆಗಂಗಿಲ್ಲ. ಓಣ್ಯಾಗ ಯಾರರ ಮಾಡಿದ್ರ ಇಕಿ ಬಾಗಿಲು ಹಾಕ್ಕೋತಾಳ."

ಮಾಡಿಟ್ಟುಕೊಂಡ ಸೆಂಟೆನ್ಸ್ ಎಲ್ಲಾ ಎಲ್ಲೋ ಹೋಯಿತು. ಮುಬೀನಾ ಬಂದಳು. ನನ್ನನ್ನು ನೋಡಿ ಆಶ್ಚರ್ಯವನ್ನೂ ಪಡಲಿಲ್ಲ. ಓಣಿಯ ತುದಿಯ ತನಕ ಕಳಿಸಲು ಬಂದಳು.

"ಯಾಕ ಹೂಂ ಅಂದಿ?" ಕೇಳಿದೆ.

"ನೀ ಅಳೋ ಹಂಗ ಇದ್ದಿ."

"ಇಲ್ಲ ಅಂತ ಹೇಳಬೇಕಿತ್ತು ನೀನು."

"ಹೇಳಿದ್ರ ನಂಬತಿದ್ರೇನು? ನೀ ಆ ಹೆಸರು ಯಾಕ ಹೇಳಿದ್ದಿ ಅಂತ ನಿನಗ ಗೊತ್ತದ. ನನಗೂ ಗೊತ್ತದ." ಸಿಟ್ಟಿನಿಂದ ಹೇಳಲಿಲ್ಲ. ಹೊಲಿಗೆಯ ಅಳತೆ ಹೇಳಿದ ಹಾಗೆ ಹೇಳಿದಳು.

ಆಮೇಲೆ ನಾನು ಅಂದೆ, ನಮ್ಮವ್ವ, ಅಂದರೆ ನಮ್ಮ ಮನೆಯಲ್ಲಿ...

"ಗೊತ್ತದ," ಅಂದಳು. "ಬಾಜು ಕೂಡ್ತೀನಿ. ಮೊದಲನೇ ವಾರದಿಂದ ಗೊತ್ತದ."

ನಾನು ಸಾರಿ ಅಂದೆ. ಅವಳು "ಇದನ್ನ ನನ್ನ ಮುಂದ ಹೇಳಾಕ ಮಸ್ಕಿ ಬಸ್ ಬಿಟ್ಟು ಇಷ್ಟು ದೂರ ಯಾಕ ಬಂದಿ? ನೀ ಹೇಳಬೇಕಾದೋರು ಅಲ್ಲಿ ಗಿಡದ ಕೆಳಗ ಕೂಡ್ತಾರ" ಅಂದಳು. ದಾದಿಗೆ ಸೊಪ್ಪು ಬಿಡಿಸಿಕೊಡುವುದು ಬಾಕಿ ಇದೆ ಅಂತ ತಿರುಗಿ ಹೋದಳು.

ಇಷ್ಟು ದಿನ ನನ್ನ ಬಾಜು ಅವಳು ಹೇಗೆ ಕೂತಿದ್ದಳೋ. ನಾನು ಬಾಡಿ ಸ್ಪ್ರೇ ಹೊಡೆದುಕೊಂಡು ಬಂದು, ಯಾರಿಗೂ ಗೊತ್ತಾಗಿಲ್ಲ ಅಂತ ಕೂತಿರುತ್ತಿದ್ದೆ.

ಸೆಪ್ಟೆಂಬರ್ 19, ಶುಕ್ರವಾರ

ಹೇಳಲಿಲ್ಲ.

ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ಪ್ರಾಕ್ಟೀಸ್ ಮಾಡಿದೆ. ಮೈ ಮದರ್ ಈಸ್ ಎ ಫಿಶ್ ವೆಂಡರ್. ಹಾಗೆ ಅಂದರೆ ಜನರಲ್ ನಾಲೆಡ್ಜ್ ಪುಸ್ತಕದ ಸೆಂಟೆನ್ಸ್ ತರ ಇರುತ್ತದೆ, ಯಾರ ತಾಯಿಯೋ ಅನಿಸುತ್ತದೆ. ಕನ್ನಡದಲ್ಲಿ ಮನಸ್ಸಿನಲ್ಲಿ ಹೇಳಿಕೊಂಡೆ. ನಮ್ಮವ್ವ ಮೀನ ಮಾರ್ತಾಳ. ಅಷ್ಟಕ್ಕೇ ಕಿವಿ ಬಿಸಿಯಾಯಿತು.

ಐಶ್ವರ್ಯ ನನಗೆ ಮನೆಯಿಂದ ಶೇಂಗಾ ಹೋಳಿಗೆ ತಂದಿದ್ದಳು. ತಿಂದೆ. ಹೋಳಿಗೆ ಚೆನ್ನಾಗಿತ್ತು ಅಂತ ಬರೆಯಲೂ ನಾಚಿಕೆ.

ಸೆಪ್ಟೆಂಬರ್ 22, ಸೋಮವಾರ

ನಾನಾಗಿಯೇ ಹೇಳಿದೆ ಅಂತ ಬರೆಯುವ ಹಾಗಿಲ್ಲ. ಮಾತು ಬಂತು, ಹೇಳಿದೆ.

ಊಟಕ್ಕೆ ಮೂವರೇ ಕೂತಿದ್ದೆವು. ಐಶ್ವರ್ಯ ಅಂದಳು, "ನಮ್ಮಪ್ಪಾಜಿ ನಿಮ್ಮವ್ವನ ನಂಬರ್ ಕೇಳ್ಯಾರ. ನಿಮ್ಮ ಕೋಲ್ಡ್ ಸ್ಟೋರೇಜಿನಾಗ ಹಳೇ ಮೆಣಸಿನಕಾಯಿ ಇಡಾಕ ಜಾಗ ಆಗ್ತದೇನು? ಒಂದು ಲಾರಿ ಮಾಲು ಅದ."

ಅವಳು ಫೋನ್ ಹಿಡಿದು ನಂಬರ್ ಒತ್ತಲು ಕಾಯುತ್ತಿದ್ದಳು. ಶಿವಶರಣಪ್ಪನವರು ಅವ್ವನಿಗೆ ಫೋನ್ ಮಾಡಿ ಯಮನಮ್ಮನವರೇ ಅಂತ ಶುರು ಮಾಡುವುದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಅವ್ವ ಯಾವ ಮೀನ ಬೇಕ್ರಿ, ಎಷ್ಟು ಕಿಲೋ ಅಂತ ಕೇಳುತ್ತಾಳೆ. ಅವಳಿಗೆ ಹಾಗೆ ಆಗಬಾರದು ಅನಿಸಿತು. ರಿಪೇರಿ ಅನ್ನುವ ಮಾತೂ ನಾಲಿಗೆಯ ತನಕ ಬಂದಿತ್ತು. ಆಮೇಲೆ ರಿಪೇರಿ ಅಂದರೆ ಮತ್ತೆ ಯಾರ ಮನೆಯ ಹೆಸರು ಹೇಳಬೇಕು ಅನ್ನುವುದೂ ನೆನಪಾಯಿತು. ಲೈಬ್ರರಿ ಮೆಟ್ಟಿಲು ಅಲ್ಲಿಂದ ಕಾಣುತ್ತದೆ.

"ಲಾರಿ ಹಿಡಿಯಂಗಿಲ್ಲ," ಅಂದೆ. "ಥರ್ಮಾಕೋಲ್ ಡಬ್ಬಿ ಅದ. ನಮ್ಮವ್ವ ಅದರಾಗ ಮೀನ ಇಟ್ಟು ಮಾರ್ತಾಳ. ಮಸ್ಕಿ ಬಸ್ ಸ್ಟ್ಯಾಂಡ್ ಹಿಂದ."

ಶೈಲಜಾ ನಕ್ಕಳು, ಜೋಕು ಅಂದುಕೊಂಡು. ನಾನು ನಗದಿದ್ದಾಗ ನಿಲ್ಲಿಸಿದಳು.

"ಗ್ಲೋ ಸ್ಟಿಕ್ ಅದರಾಗೇ ಇಟ್ಟಿದ್ದೆ. ಅವ್ವ ಎರಡು ಕವರ್ ಹಾಕಂದಿದ್ಳು, ನಾ ಹಾಕಲಿಲ್ಲ. ಮುಬೀನಾನ ಮನ್ಯಾಗ ಫ್ರಿಜ್ಜೇ ಇಲ್ಲ. ಅವರ ಮನಿಗೆ ಮೀನ ಬರಂಗೇ ಇಲ್ಲ."

"ಮತ್ತ ಅಕಿ ಹೂಂ ಅಂದ್ಳಲ್ಲ?" ಶೈಲಜಾ.

"ನಾ ಅಳ್ತೀನಿ ಅಂತ ಹೂಂ ಅಂದ್ಳು."

ಐಶ್ವರ್ಯ ತನ್ನ ಕೈಯಲ್ಲಿದ್ದ ರೊಟ್ಟಿ ನೋಡುತ್ತಿದ್ದಳು. ನನ್ನ ಡಬ್ಬಿಯದು. "ಇದನ್ನ ನಿಮ್ಮವ್ವ ಅದೇ ಕೈಲೆ ಬಡಿತಾರೇನು?"

"ಹೂಂ. ಅದೇ ಕೈ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ರೊಟ್ಟಿಯನ್ನು ಕೆಳಗಿಟ್ಟು, ನಳದ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದಳು. ಬಂದು ಡಬ್ಬಿ ಕಟ್ಟಿಕೊಂಡಳು. ಆಮೇಲೆ ಮೆಟ್ಟಿಲ ಕಡೆ ಹೋದಳು. ಶೈಲಜಾಳೂ ಹೋದಳು. ನಾನು ಕೂತಲ್ಲಿಂದಲೇ ಕೇಳಿಸಿತು.

"ಮುಬೀನಾ, ಇವತ್ತು ಏನ್ ಪಲ್ಯ? ಬಾ, ಅಲ್ಲಿ ಕೂಡಮು."

"ನಂದು ಊಟ ಆತು."

"ಡಬ್ಬಿ ತುಂಬೇ ಅದಲ್ಲ ಲೇ."

"ಆತು," ಅಂದಳು ಮುಬೀನಾ. ಮುಚ್ಚಳ ಹಾಕಿದಳು.

ಐಶ್ವರ್ಯ ಇನ್ನೇನೋ ಹೇಳಿದಳು, ಮೆಲ್ಲಗೆ. ನನಗೆ ಕೇಳಿಸಲಿಲ್ಲ. ಸಾರಿ ಇರಬಹುದು. ಮುಬೀನಾ ತಲೆ ಆಡಿಸಿದಳು, ಆದರೆ ಏಳಲಿಲ್ಲ. ನನ್ನ ಕಡೆಯೂ ನೋಡಲಿಲ್ಲ.

ಸಂಜೆ ಅವ್ವ ಡಬ್ಬಿ ಬಿಚ್ಚಿ, "ರೊಟ್ಟಿ ಹಂಗೇ ತಂದೀಯಲ್ಲ, ಮೈ ಬಿಸಿ ಅದೇನು?" ಅಂತ ಹಣೆ ಮುಟ್ಟಿ ನೋಡಿದಳು. ಮೀನು ಮಾರಿ ಆಗ ತಾನೇ ಬಂದಿದ್ದಳು, ಕೈ ಇನ್ನೂ ತೊಳೆದಿರಲಿಲ್ಲ. ನೆನಪಾಗಿ ಸಟ್ಟನೆ ಕೈ ತೆಗೆದಳು. ಇರಲಿ ಅಂದೆ.

ಅವ್ವನಿಗೆ ಏನು ಹೇಳಬೇಕೋ ಇನ್ನೂ ಗೊತ್ತಿಲ್ಲ. ಮಗಳು ಬರ್ಫಿನಾಗ ಬೆಳಕು ಉಳಿಸ್ಯಾಳ ಅಂತ ಅವಳು ಇನ್ನೂ ಹೇಳುತ್ತಿದ್ದಾಳೆ.

ಸೆಪ್ಟೆಂಬರ್ 23, ಮಂಗಳವಾರ

ಕ್ಲಾಸಿಗೆಲ್ಲ ಗೊತ್ತಾಗಿದೆ. ನಾನು ಒಳಗೆ ಹೋದಾಗ ಚನ್ನವೀರ "ಕಟ್ಲಾ ಹ್ಯಾಂಗ್ರೀ?" ಅಂದ. "ಅವ್ವನ್ನ ಕೇಳು, ನನಗ ರೇಟ್ ಗೊತ್ತಿಲ್ಲ," ಅಂದೆ. ನಿಜವಾಗಿಯೂ ಗೊತ್ತಿಲ್ಲ. ಧೈರ್ಯದಿಂದ ಹೇಳಿದ್ದಲ್ಲ.

ಮುಬೀನಾ ನಮ್ಮ ಬೆಂಚಿನಲ್ಲಿ ಮೊದಲೇ ಕೂತಿದ್ದಳು. ಬೇರೆ ಕಡೆ ಹೋಗಬೇಕೋ ಅಂತ ನಾನು ನಿಂತೆ. ಅವಳು ಕಿಟಕಿಯ ಕಡೆಯ ನನ್ನ ಜಾಗದಿಂದ ಚೀಲ ಸರಿಸಿದಳು. ಕೂತೆ. ಗುರುಬಸವ ಸರ್ ಬೋರ್ಡಿನ ಮೇಲೆ ಬರೆಯಲು ಶುರುಮಾಡಿದರು.

ಸ್ವಲ್ಪ ಹೊತ್ತಿಗೆ ಅವಳು ದುಪಟ್ಟಾದ ಸೆರಗನ್ನು ಮೂಗಿಗೆ ಹಿಡಿದಳು. ನನ್ನ ಮುಂದೆ, ಕಾಣುವ ಹಾಗೆಯೇ.

"ಏ ಸುಕನ್ಯಾ," ಅಂದಳು. "ಗಾಳಿ ಕಿಟಕಿಂದ ನಿನ್ನ ಮ್ಯಾಲ ಹಾದು ನನ್ನ ಕಡಿಗೇ ಬರ್ತದ. ಇಷ್ಟು ದಿನ ಹೇಳಾಕ ಬರತಿದ್ದಿಲ್ಲ. ಇನ್ನ ನನ್ನ ಕೈಲೆ ಆಗಂಗಿಲ್ಲ. ಏಳು, ನೀ ಈ ಕಡೆ ಬಾ."

ಸರ್ ತಿರುಗಿ ನೋಡಿ ಏನು ಅಂದರು. "ಏನಿಲ್ರಿ ಸರ್," ಅಂದಳು ಮುಬೀನಾ, "ಜಾಗ ಬದಲಿ ಮಾಡ್ಕೊಳಾಕತ್ತೀವಿ."

ನಾನು ಎದ್ದು ಅವಳನ್ನು ಕಿಟಕಿಯ ಕಡೆ ಬಿಟ್ಟೆ.